ಪ್ರತಿಕ್ರಿಯೆ: ಬುದ್ಧ ಕ್ರೈಸ್ತ ಸಂತನಾದದ್ದು ನಿಜವೇ?

ಬುದ್ಧನನ್ನು ಚರ್ಚು ಸಂತನೆಂದು ಪೂಜಿಸಿತ್ತಂತೆ, ನಿಜವಾ ಎಂದು ಕೇಳಿದ್ದೀರಿ. ನಿಮಗೆ ಬಂದ ಆ ವಾಟ್ಸಾಪ್ ಸಂದೇಶ, ಅಪರೂಪಕ್ಕೆ, ಪೂರ್ತಿ ಸುಳ್ಳಲ್ಲ! ಅರಮನೆ ಬಿಟ್ಟ ರಾಜಕುಮಾರನ ಕಥೆ ಮಧ್ಯ ಏಷ್ಯಾ ದಾಟಿ ಅರಬ್ಬಿಗೆ, ಅಲ್ಲಿಂದ ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಹೋಯಿತು. ಬುದ್ಧನಾಗುವ ಮುನ್ನ ಅವನನ್ನು ಕರೆಯುವ ‘ಬೋಧಿಸತ್ವ’ ಎಂಬ ಹೆಸರು ಅರಬ್ಬಿಯಲ್ಲಿ ‘ಬೂದಾಸಫ್’ ಆಯಿತು. ಆ ಲಿಪಿಯಲ್ಲಿ ಪದದ ಮೊದಲಿಗೆ ಬರುವ ಬಕಾರಕ್ಕೂ ಯಕಾರಕ್ಕೂ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ನಕಲು ಮಾಡುವವರ ಕೈತಪ್ಪಿ ‘ಯೂದಾಸಫ್’, ಕೊನೆಗೆ ಲ್ಯಾಟಿನ್ನಿನಲ್ಲಿ ‘ಜೋಸಫಾತ್’. ಈ ಹೆಸರು ರೋಮನ್ ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ನವೆಂಬರ್ 27ರ ಸ್ಮರಣೆಯ ದಿನದಡಿ ಸೇರಿತ್ತು. ಆದರೆ ಬುದ್ಧನೆಂದು ತಿಳಿದು ಪೂಜಿಸಿದ್ದಲ್ಲ. ಕ್ರೈಸ್ತನಾದ ಭಾರತದ ರಾಜಕುಮಾರನೆಂದೇ ನಂಬಿದ್ದರು. ದಾರಿಯಲ್ಲಿ ರೋಗಿ, ಮುದುಕ ಎದುರಾಗುವ ಪ್ರಸಂಗ ಮಾತ್ರ ಆ ಕಥೆಯಲ್ಲೂ ಉಳಿದುಕೊಂಡಿದೆ.