ಹಸಿರು ಬಟ್ಟೆ ಅಡಿ ಏನಿತ್ತು? ನೀವು ಕೇಳಿದ್ದು, ನಾನು ಹೇಳೋದು

ಹೋದ ಸಂಚಿಕೇಲಿ ಬಿಲಿಯರ್ಡ್ಸ್ ಟೇಬಲ್ ವ್ಯಾಪಾರದ ಬಗ್ಗೆ ಬರೆದ ಒಂದೂವರೆ ಪುಟಕ್ಕೆ ಇಷ್ಟು ಕಾಗದ ಬರುತ್ತೆ ಅಂತ ಸಂಪಾದಕರೂ ಅಂದ್ಕೊಂಡಿರ್ಲಿಲ್ಲ, ನಾನೂ ಅಂದ್ಕೊಂಡಿರ್ಲಿಲ್ಲ. ಕಾಫಿ ರೇಟ್ ಬಗ್ಗೆ ಬರೆದಾಗ್ಲೂ ಇಷ್ಟು ಬಂದಿರ್ಲಿಲ್ಲ. ಓದದೇ ಇರೋರಿಗೆ ಚುಟುಕಾಗಿ ಹೇಳ್ತೀನಿ: ದಕ್ಷಿಣ ಕೊಡಗಿನ ಒಂದು ಹೋಂಸ್ಟೇಗೆ ಹೊಸಾ ಇಟಾಲಿಯನ್ ಸ್ಲೇಟ್ (ಹಸಿರು ಬಟ್ಟೆ ಅಡಿ ಕೂರಿಸೋ ಚಪ್ಪಟೆ ಕಲ್ಲು) ಟೇಬಲ್ ಅಂತ ಒಬ್ಬ ಡೀಲರ್ ಮಾರಿದ್ರು, ಮಳೆಗಾಲ ಕಳೆದ್ಮೇಲೆ ಬಟ್ಟೆ ಬದಲಾಯಿಸೋಕೆ ಬಿಚ್ಚಿದ್ರೆ ಅಡಿಯಲ್ಲಿ ಬೇರೆ ಬೇರೆ ಹಳೇ ಟೇಬಲ್ಲಿಂದ ಕಿತ್ತು ತಂದ ಸ್ಲೇಟುಗಳು, ಒಂದರ ಮೂಲೆ ಒಡೆದು ಅಂಟು ಮೆತ್ತಿದ್ದು. ನಾನು ಅಲ್ಲೇ ಇದ್ದೆ, ನೋಡಿದ್ದನ್ನ ಬರೆದೆ, ಡೀಲರ್ ಹೆಸರು ಹಾಕ್ಲಿಲ್ಲ. ಜೊತೆಗೆ ಪೂಲ್ (ಬಿಲಿಯರ್ಡ್ಸ್ ಥರದ್ದೇ ಇನ್ನೊಂದು ಆಟ) ಪಾರ್ಲರಲ್ಲಿ ಬೆಟ್ಟಿಂಗ್ ನಡೆಯುತ್ತೆ ಅಂತ ಒಂದು ಸಾಲು, ಹಿಂದೆ ಆನೆ ದಂತದಿಂದ ಮಾಡ್ತಿದ್ದ ಚೆಂಡಿನ ಬಗ್ಗೆ ಒಂದು ಪ್ಯಾರಾ. ಮೂರಕ್ಕೂ ಬೈಗುಳ ಬಿದ್ದಿದೆ.

ಪ್ರಶ್ನೆ: ಸಾರ್, ‘ಒಬ್ಬ ಡೀಲರ್’ ಅಂತ ಬರೆದು ಕೈ ತೊಳ್ಕೊಂಡ್ರಿ. ಈಗ ನಮ್ಮ ಪಾರ್ಲರಿಗೆ ಬರೋ ಹುಡುಗ್ರೆಲ್ಲ ಟೇಬಲ್ ಅಡಿ ಬಗ್ಗಿ ನೋಡಿ ನಗ್ತಾರೆ. ಹನ್ನೊಂದು ವರ್ಷದಿಂದ ಮರ್ಯಾದೆಯಾಗಿ ನಡೆಸ್ತಿದ್ದೀನಿ. ಹೆಸರು ಹಾಕೋ ಧೈರ್ಯ ಇಲ್ದಿದ್ರೆ ಯಾಕೆ ಬರೀಬೇಕಿತ್ತು?
(ಪಾರ್ಲರ್ ಮಾಲೀಕರು, ಗೋಣಿಕೊಪ್ಪ)

ಉತ್ತರ: ಈ ಕಾಗದ ಓದಿದ ದಿನ ಸರಿಯಾಗಿ ಊಟ ಸೇರ್ಲಿಲ್ಲ ಸಾರ್. ಹೆಸರು ಹಾಕದೆ ಇದ್ರೆ ಯಾರಿಗೂ ನೋವಾಗಲ್ಲ, ನಾವೂ ಸೇಫು ಅಂತ ಬರೆಯೋ ನಮ್ಮಂಥೋರ ಲೆಕ್ಕಾಚಾರ, ಆದ್ರೆ ಕೊಡಗಿನಂಥ ಸಣ್ಣ ಜಿಲ್ಲೇಲಿ ಟೇಬಲ್ ಇಟ್ಕೊಂಡಿರೋ ಜಾಗ ಎಷ್ಟಿವೆ, ಮಾರೋರು ಎಷ್ಟು ಜನ, ರಿಪೇರಿಗೆ ಬರೋ ಫಿಟ್ಟರ್ ಎಷ್ಟು ಜನ, ಬೆರಳಲ್ಲಿ ಎಣಿಸಿಬಿಡಬಹುದು, ಹಾಗಾಗಿ ಒಬ್ಬರ ಮೇಲಿನ ಅನುಮಾನ ಎಲ್ಲರ ತಲೆಗೂ ಹಂಚಿಹೋಯ್ತು. ಇಂಗ್ಲೆಂಡಿನ ಒಂದು ಪತ್ರಿಕೆ 2010ರಲ್ಲಿ ಸ್ನೂಕರ್ (ಇದೇ ಟೇಬಲಲ್ಲಿ ಆಡೋ ಇನ್ನೊಂದು ಆಟ) ವರ್ಲ್ಡ್ ಚಾಂಪಿಯನ್ ಆಗಿದ್ದ ಜಾನ್ ಹಿಗಿನ್ಸ್ ದುಡ್ಡಿಗೆ ಫ್ರೇಮ್ (ಆಟದ ಒಂದು ಸುತ್ತು) ಸೋಲೋಕೆ ಒಪ್ಪಿದ್ರು ಅಂತ ಕದ್ದು ತೆಗೆದ ವಿಡಿಯೋ ಇಟ್ಕೊಂಡು ದೊಡ್ಡದಾಗಿ ಬರೀತು. ಆಮೇಲೆ ವಿಚಾರಣೆ ನಡೀತು, ಮ್ಯಾಚ್ ಫಿಕ್ಸಿಂಗ್ ಆರೋಪ ಬಿದ್ದೋಯ್ತು, ಆದ್ರೆ ಅಂಥ ಮಾತುಕತೆಗೆ ಕೂತಿದ್ದನ್ನ ಮೇಲಿನೋರಿಗೆ ತಿಳಿಸದೆ ಮುಚ್ಚಿಟ್ಟಿದ್ದು ತಪ್ಪು ಅಂತ ಆರು ತಿಂಗಳು ಬ್ಯಾನು, 75,000 ಪೌಂಡ್ ದಂಡ. ಹೆಡ್‌ಲೈನಲ್ಲಿದ್ದದ್ದೇ ಬೇರೆ, ತೀರ್ಪಲ್ಲಿ ಬಂದಿದ್ದೇ ಬೇರೆ. ಆದ್ರೂ ಹಿಗಿನ್ಸ್‌ಗೆ ಒಂದು ಅನುಕೂಲ ಇತ್ತು ನೋಡಿ, ಪತ್ರಿಕೆಯೋರು ಹೆಸರು ಹಾಕಿದ್ರು, ಹಾಗಾಗಿ ಎದುರು ನಿಂತು ಉತ್ತರ ಕೊಡೋಕೆ ಜಾಗ ಸಿಕ್ತು. ನಿಮಗೆ ನಾನು ಆ ಜಾಗಾನೂ ಕೊಡ್ಲಿಲ್ಲ.

ಈಗ್ಲಾದ್ರೂ ಹೆಸರು ಹಾಕ್ತೀನಾ ಅಂದ್ರೆ ಇಲ್ಲ. ಬಿಲ್ಲಲ್ಲಿ ‘ಬಿಲಿಯರ್ಡ್ಸ್ ಟೇಬಲ್, ಒಂದು’ ಅಂತ ಮಾತ್ರ ಇದೆ, ಹೊಸದು ಅಂತಾಗ್ಲಿ ಇಟಾಲಿಯನ್ ಅಂತಾಗ್ಲಿ ಇಲ್ಲ, ಅದೆಲ್ಲ ಬಾಯಿಮಾತು. ಬಾಯಿಮಾತು ನಂಬಿ ಹೆಸರು ಹಾಕೋಕಾಗಲ್ಲ, ಆದ್ರೆ ಹಾಗಾದ್ಮೇಲೆ ‘ಈ ವ್ಯಾಪಾರದಲ್ಲಿ ಇದು ಮಾಮೂಲು’ ಅಂತ ಒಂದು ಸಾಲು ಸೇರಿಸಿದ್ದೆ ನೋಡಿ, ಅದನ್ನ ಬರೆಯೋ ಹಕ್ಕೂ ನನಗಿರ್ಲಿಲ್ಲ. ನಾನು ನೋಡಿದ್ದು ಒಂದೇ ಟೇಬಲ್ಲು. ಆ ಸಾಲು ವಾಪಸ್ ತಗೋತೀನಿ. ನೀವು ಒಪ್ಪಿದ್ರೆ ಮುಂದಿನ ವಾರ ಗೋಣಿಕೊಪ್ಪಕ್ಕೆ ಬಂದು ನಿಮ್ಮ ಟೇಬಲಲ್ಲೇ ಎರಡು ಫ್ರೇಮ್ ಆಡ್ತೀನಿ, ದುಡ್ಡು ಕೊಟ್ಟೇ.

ಪ್ರಶ್ನೆ: ಎಸ್ಟೇಟ್ ಬಂಗಲೆಗೆ ಒಂದು ಸೆಕೆಂಡ್ ಹ್ಯಾಂಡ್ ಫುಲ್ ಸೈಜ್ ಟೇಬಲ್ ನೋಡಿದ್ದೀವಿ. ನಿಮ್ಮ ಲೇಖನ ಓದಿ ಹೆದರಿಕೆ ಆಗಿದೆ. ಏನೇನು ನೋಡ್ಬೇಕು?
(ವಿರಾಜಪೇಟೆ)

ಉತ್ತರ: ಸೆಕೆಂಡ್ ಹ್ಯಾಂಡ್ ಅಂದ ಕೂಡ್ಲೇ ಹೆದರ್ಬೇಡಿ, ಸ್ಲೇಟಿಗೆ ವಯಸ್ಸಾಗಲ್ಲ. 1826ರ ಸುಮಾರಿಗೆ ಲಂಡನ್ನಿನ ಥರ್ಸ್ಟನ್ ಕಂಪನಿ ಮರದ ಹಲಗೆ ಬಿಟ್ಟು ಸ್ಲೇಟ್ ಹಾಕೋಕೆ ಶುರು ಮಾಡಿದ್ದೇ ಅದಕ್ಕೆ, ಮರ ಹವಾಮಾನಕ್ಕೆ ಸೊಟ್ಟಗಾಗುತ್ತೆ ಕಲ್ಲು ಆಗಲ್ಲ. ಮೋಸ ಇರೋದು ಹಳೇದನ್ನ ಹೊಸದು ಅಂತ ಹೊಸದರ ರೇಟಿಗೆ ಮಾರೋದ್ರಲ್ಲಿ.

ಫುಲ್ ಸೈಜ್ ಟೇಬಲ್ ಅಂದ್ರೆ 12 ಅಡಿ ಉದ್ದ 6 ಅಡಿ ಅಗಲ, ಎಂಟು ಕಾಲು, ಒಳಗೆ ಐದು ಸ್ಲೇಟ್ ತುಂಡು ಸಾಲಾಗಿ ಕೂರಿಸಿರ್ತಾರೆ. ಬಟ್ಟೆ ಬಿಚ್ಚೋಕೆ ಮಾರೋರು ಒಪ್ಪಲ್ಲ, ಪರವಾಗಿಲ್ಲ, ಟಾರ್ಚ್ ಹಿಡ್ಕೊಂಡು ಅಡಿಗೆ ಮಲಗಿ. ಐದೂ ತುಂಡಿನ ಬಣ್ಣ ದಪ್ಪ ಒಂದೇ ಇದ್ಯಾ, ಮೂಲೆಲಿ ಅಂಟಿನ ಗುರುತು ಇದ್ಯಾ, ದಪ್ಪ ಸರಿದೂಗಿಸೋಕೆ ಮಧ್ಯೆ ರಟ್ಟು ತುರುಕಿದ್ದಾರಾ ಅಂತ ನೋಡಿ. ಆಮೇಲೆ ಒಂದು ಚೆಂಡನ್ನ ಆದಷ್ಟು ನಿಧಾನ ಉರುಳಿಸಿ, ಜೋರಾಗಿ ಹೊಡೆದ್ರೆ ಎಂಥಾ ಟೇಬಲಲ್ಲೂ ನೇರ ಹೋಗುತ್ತೆ, ನಿಲ್ಲೋ ಹೊತ್ತಿಗೆ ಯಾವ ಕಡೆ ಸರಿಯುತ್ತೆ ಅನ್ನೋದೇ ಮುಖ್ಯ, ಅದನ್ನ ನಾಕೂ ದಿಕ್ಕಿಗೆ ಮಾಡಿ. ಕುಶನ್ (ಚೆಂಡು ಬಡಿದು ವಾಪಸ್ ಬರೋ ಅಂಚು) ರಬ್ಬರ್ ಬೆರಳಲ್ಲಿ ಒತ್ತಿ, ಕಲ್ಲಿನ ಥರ ಗಟ್ಟಿಯಾಗಿದ್ರೆ ರಬ್ಬರ್ ಖರ್ಚು ಬೇರೆ ಲೆಕ್ಕ ಹಾಕ್ಕೊಳ್ಳಿ.

ಇನ್ನು ನಮ್ಮೂರಿನ ಪ್ರಾಬ್ಲಮ್ಮು, ಇದನ್ನ ಬೆಂಗಳೂರಿನ ಡೀಲರ್ ಹೇಳಲ್ಲ. ಒಂದು, ಟೇಬಲ್ ತೂಕ ಒಂದು ಟನ್ನಿನ ಮೇಲಿರುತ್ತೆ, ಹಳೇ ಬಂಗಲೆಗಳಲ್ಲಿ ಮರದ ನೆಲ ಇದ್ರೆ ಮೊದಲು ಮೇಸ್ತ್ರಿಗೆ ತೋರ್ಸಿ. ಎರಡು, ಮಳೆ. ಆ ಬಟ್ಟೆ ಉಣ್ಣೆದು, ಕಕ್ಕಡ ತಿಂಗಳಲ್ಲಿ ನಮ್ಮ ಮನೇಲಿ ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ ಅಂದ್ಮೇಲೆ ಉಣ್ಣೆ ಸುಮ್ನೆ ಬಿಡುತ್ತಾ, ತೇವ ಎಳ್ಕೊಂಡು ಭಾರ ಆಗುತ್ತೆ, ಚೆಂಡು ಕೆಸರಲ್ಲಿ ಓಡಿದ ಹಾಗೆ ಓಡುತ್ತೆ. ದೊಡ್ಡ ಟೂರ್ನಮೆಂಟಲ್ಲಿ ಸ್ಲೇಟ್ ಅಡಿಗೆ ಹೀಟರ್ ಹಾಕ್ತಾರೆ, ನನಗೆ ಆಟ ಕಲಿಸಿದ ಕ್ಲಬ್ಬಿನ ಮಾರ್ಕರ್ (ಸ್ಕೋರ್ ಬರೆದು ಟೇಬಲ್ ನೋಡ್ಕೊಳ್ಳೋರು) ಅಡಿಲಿ ಬಲ್ಬ್ ಉರಿಸಿ ಇಡ್ತಿದ್ರು, ಕೋಳಿಮರಿಗೆ ಇಟ್ಟ ಹಾಗೆ. ಬಟ್ಟೆ ಬ್ರಶ್ ಮಾಡೋವಾಗ ಬಾಕ್ ಕಡೆಯಿಂದ (ಆಟ ಶುರು ಮಾಡೋ ಗೆರೆ ಇರೋ ತುದಿ) ಬ್ಲ್ಯಾಕ್ ಕಡೆಗೆ (ಕಪ್ಪು ಚೆಂಡು ಇಡೋ ತುದಿ) ಒಂದೇ ದಿಕ್ಕು, ಬೆಕ್ಕಿನ ಬೆನ್ನು ಸವರಿದ ಹಾಗೆ, ಉಲ್ಟಾ ಹೋದ್ರೆ ಬಟ್ಟೆ ಹಾಳು.

ಬಿಲ್ಲಲ್ಲಿ ಸ್ಲೇಟ್ ಯಾವ ದೇಶದ್ದು, ದಪ್ಪ ಎಷ್ಟು, ಹೊಸದೋ ಹಳೇದೋ ಅಂತ ಬರೆಸ್ಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಎದ್ದು ಬನ್ನಿ.

ಪ್ರಶ್ನೆ: ನನ್ನ ಮಗ ಪಿಯುಸಿ. ಸಂಜೆ ಪೂಲ್ ಆಡೋಕೆ ಹೋಗ್ತಾನೆ. ನೀವು ಬೆಟ್ಟಿಂಗ್ ಅಂತ ಬರೆದದ್ದನ್ನ ಅವನಪ್ಪ ಓದಿ ಮನೇಲಿ ರಂಪ. ಬಿಡಿಸ್ಬೇಕಾ?
(ಸೋಮವಾರಪೇಟೆ)

ಉತ್ತರ: ಅಕ್ಕಾ, ನಿಮ್ಮ ಮನೇಲಿ ಜಗಳ ಹಚ್ಚಿದ್ದಕ್ಕೆ ಮೊದಲು ಕ್ಷಮೆ ಇರ್ಲಿ. ಆ ಸಾಲನ್ನ ನಾನು ಅರ್ಧಕ್ಕೇ ಬಿಟ್ಟಿದ್ದೆ. ಈ ಆಟಕ್ಕೆ ಕೆಟ್ಟ ಹೆಸರು ಇವತ್ತಿಂದಲ್ಲ, ಪೂಲ್ ಅನ್ನೋ ಮಾತೇ ಎಲ್ಲರೂ ಹಣ ಕೂಡಿಹಾಕಿ ಬಾಜಿ ಕಟ್ಟೋದಕ್ಕೆ ಇದ್ದಿದ್ದು. ಅಮೆರಿಕದಲ್ಲಿ ಕುದುರೆ ಬಾಜಿ ಅಂಗಡಿಗಳಲ್ಲಿ ರೇಸಿನ ಮಧ್ಯೆ ಟೈಂಪಾಸಿಗೆ ಟೇಬಲ್ ಹಾಕಿದ್ರು, ಹೆಸರು ಆಟಕ್ಕೆ ಅಂಟ್ಕೊಳ್ತು. ಇವತ್ತಿಗೂ ಆ ವಾಸನೆ ಪೂರ್ತಿ ಹೋಗಿಲ್ಲ, 2023ರಲ್ಲಿ ಚೀನಾದ ಹತ್ತು ಸ್ನೂಕರ್ ಆಟಗಾರರಿಗೆ ಫಿಕ್ಸಿಂಗ್ ಕೇಸಲ್ಲಿ ಬ್ಯಾನ್ ಆಯ್ತು, ಅದರಲ್ಲಿ ಇಬ್ಬರಿಗೆ ಜೀವನಪರ್ಯಂತ.

ಇನ್ನೊಂದು ಅರ್ಧ ಕೇಳಿ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡೋ ಆಟದಲ್ಲಿ ಮೊದಲ ವರ್ಲ್ಡ್ ಟೈಟಲ್ ತಂದುಕೊಟ್ಟಿದ್ದು ಇದೇ ಬಿಲಿಯರ್ಡ್ಸು, ವಿಲ್ಸನ್ ಜೋನ್ಸ್, 1958, ಕಲ್ಕತ್ತಾದಲ್ಲಿ. ಬೆಂಗಳೂರಲ್ಲಿ ಬೆಳೆದ ಪಂಕಜ್ ಅಡ್ವಾಣಿ ಸ್ಕೂಲ್ ಹುಡುಗನಾಗಿದ್ದಾಗ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಟೇಬಲಲ್ಲಿ ಕಲಿತು, 2003ರಲ್ಲಿ ಮೊದಲ ವರ್ಲ್ಡ್ ಟೈಟಲ್ ಗೆದ್ದಾಗ ವಯಸ್ಸು 18, ಆಮೇಲೆ ಖೇಲ್ ರತ್ನ, 2018ಕ್ಕೆ ಪದ್ಮಭೂಷಣ. ಹಾಕಿ ಸ್ಟಿಕ್ ಹಿಡಿದ್ರೆ ಮಾತ್ರ ಆಟ ಅನ್ನೋ ನಮ್ಮ ಜಿಲ್ಲೇಲಿ ಇದನ್ನ ಯಾರೂ ಹೇಳಲ್ಲ ಅಷ್ಟೇ.

ಹುಡುಗ ಟೇಬಲ್ ಚಾರ್ಜ್ ಬಿಟ್ಟು ಬೇರೆ ದುಡ್ಡು ಕೇಳ್ತಾನಾ ನೋಡಿ. ‘ಸೋತೋನೇ ಟೇಬಲ್ ದುಡ್ಡು ಕೊಡ್ಬೇಕು’ ಅನ್ನೋದು ಎಲ್ಲಾ ಕಡೆ ಇದೆ, ಮುಂದಿನದೆಲ್ಲ ಅಲ್ಲಿಂದ್ಲೇ ಶುರು ಆಗೋದು. ಅವರಪ್ಪ ಒಂದು ಸಂಜೆ ಅವನ ಜೊತೆ ಹೋಗಿ ಕೂತು ಬರ್ಲಿ, ಬೈಯೋಕಲ್ಲ, ನೋಡೋಕೆ.

ಪ್ರಶ್ನೆ: ಸ್ನೂಕರ್ ಹುಟ್ಟಿದ್ದು ಊಟಿಲಾ?
(ಪೊನ್ನಂಪೇಟೆ)

ಉತ್ತರ: ಜಬಲ್ಪುರದಲ್ಲಿ, 1875ರಲ್ಲಿ, ನೆವಿಲ್ ಚೇಂಬರ್ಲೇನ್ ಅನ್ನೋ ಬ್ರಿಟಿಷ್ ಆಫೀಸರ್ (ಆಮೇಲೆ ಪ್ರಧಾನಿ ಆದೋರಲ್ಲ, ಬೇರೆ). ಊಟಿ ಕ್ಲಬ್ಬಲ್ಲಿ ರೂಲ್ಸ್ ಬರೆದು ಗೋಡೆಗೆ ಹಾಕಿದ್ದು 1880ರ ದಶಕದಲ್ಲಿ. ಎರಡೂ ಊರಿನೋರು ಜಗಳ ಆಡ್ಲಿ, ನಮಗೇನು.

ಪ್ರಶ್ನೆ: ಅಜ್ಜನ ಪೆಟ್ಟಿಗೇಲಿ ಹಳದಿ ತಿರುಗಿದ ಮೂರು ಚೆಂಡು ಸಿಕ್ಕಿದೆ, ಒಂದಕ್ಕೆ ಕೆಂಪು ಬಣ್ಣ ಇದೆ. ದಂತದ್ದಾ? ಒಳ್ಳೆ ರೇಟ್ ಬರುತ್ತಾ? ಆಮೇಲೆ ಆನೆ ವಿಷಯ ತೆಗೆದು ಹಳೇ ಮನೆತನಗಳಿಗೆ ಯಾಕೆ ಅವಮಾನ ಮಾಡ್ತೀರಿ?
(ಕುಶಾಲನಗರ)

ಉತ್ತರ: ಮಾರೋ ಯೋಚನೆ ಇವತ್ತೇ ಬಿಟ್ಬಿಡಿ. ದಂತದ್ದೇ ಆಗಿದ್ರೆ ವ್ಯಾಪಾರ ಮಾಡೋದು ಅಪರಾಧ, 1986ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿ ಮಾಡಿ ಭಾರತದ ಆನೆ ದಂತದ ವ್ಯಾಪಾರ ಪೂರ್ತಿ ನಿಲ್ಲಿಸಿದ್ರು. ಮನೇಲಿ ಇಟ್ಕೊಳ್ಳೋದಕ್ಕೂ ಕಾಗದಪತ್ರ ಬೇಕು, ಅರಣ್ಯ ಇಲಾಖೆ ಆಫೀಸಲ್ಲಿ ನೀವಾಗೇ ಹೋಗಿ ಕೇಳಿ. ಭೂತಗನ್ನಡಿ ಇಟ್ಟು ನೋಡಿದ್ರೆ ದಂತದಲ್ಲಿ ಸಣ್ಣ ಗೆರೆಗಳ ಹೆಣಿಗೆ ಕಾಣುತ್ತೆ, ಪ್ಲಾಸ್ಟಿಕ್ಕಲ್ಲಿ ಇರಲ್ಲ. ಮೂರೇ ಚೆಂಡು ಅಂದ್ರೆ ಇಂಗ್ಲಿಷ್ ಬಿಲಿಯರ್ಡ್ಸ್ ಸೆಟ್ಟು, ಅದು ಮೂರು ಚೆಂಡಿನ ಆಟ.

ಅವಮಾನದ ಮಾತು. ನಾನು ಬರೆದದ್ದು ಉದ್ಯಮದ ಬಗ್ಗೆ, ಮನೆತನದ ಬಗ್ಗೆ ಅಲ್ಲ. ಒಂದು ಕೊಂಬಲ್ಲಿ ಒಳ್ಳೇ ಚೆಂಡು ಬರೋದು ಬೆರಳೆಣಿಕೆಯಷ್ಟು, ಕೊಂಬಿನ ನಟ್ಟನಡು ಭಾಗನೇ ಬೇಕು, ಇಲ್ಲಾಂದ್ರೆ ತೂಕ ಒಂದು ಕಡೆ ಎಳೆದು ಚೆಂಡು ಸೊಟ್ಟ ಓಡುತ್ತೆ. ಅಷ್ಟು ಆನೆ ಎಲ್ಲಿಂದ ತರೋದು ಅಂತ ವ್ಯಾಪಾರಸ್ಥರಿಗೇ ಚಿಂತೆ ಹತ್ತಿ 1860ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಟೇಬಲ್ ಕಂಪನಿ ಬದಲಿ ವಸ್ತು ಕಂಡುಹಿಡಿದೋರಿಗೆ 10,000 ಡಾಲರ್ ಬಹುಮಾನ ಅಂತ ಸಾರಿತು. ಜಾನ್ ವೆಸ್ಲಿ ಹಯಾಟ್ ಅನ್ನೋರು ಆ ಆಸೆಗೇ ಕೂತು ಸೆಲ್ಯುಲಾಯ್ಡ್ ಮಾಡಿದ್ರು. ಅದು ಬೆಂಕಿ ಹತ್ತೋ ಪದಾರ್ಥ, ಜೋರಾಗಿ ಬಡಿದಾಗ ಪಟಾಕಿ ಥರ ಸದ್ದು, ಕೊಲರಾಡೋದ ಒಬ್ಬ ಬಾರ್ ಮಾಲೀಕ ‘ಚೆಂಡು ಬಡಿದಾಗೆಲ್ಲ ರೂಮಲ್ಲಿರೋರು ಬಂದೂಕ ಎಳೀತಾರೆ’ ಅಂತ ಕಾಗದ ಬರೆದಿದ್ದನ್ನ ಹಯಾಟೇ ಹೇಳ್ಕೊಂಡಿದ್ದಾರೆ. (ಬಂದೂಕ ಅಂದ ಕೂಡ್ಲೇ ನಮ್ಮೋರು ಕಿವಿ ನೆಟ್ಟಗೆ ಮಾಡ್ತಾರೆ, ಗೊತ್ತು.) ಈಗಿನ ಒಳ್ಳೇ ಚೆಂಡು ಹೆಚ್ಚಾಗಿ ಫೀನಾಲಿಕ್ ರೆಸಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕು. ಆನೆ ತೋಟಕ್ಕೆ ನುಗ್ಗಿ ಬೇಲಿ ಮುರಿದ ದಿನ ನಾನೂ ಬೈತೀನಿ, ಆದ್ರೂ ಆ ಪ್ಯಾರಾ ಮಾತ್ರ ವಾಪಸ್ ತಗೊಳಲ್ಲ.

ಪ್ರಶ್ನೆ: ನೀವು ಬೇರೆ ಡೀಲರ್ ಹತ್ರ ತಗೊಂಡು ಬರೆದದ್ದು ಅಂತ ಕ್ಲಬ್ಬಲ್ಲಿ ಎಲ್ಲರೂ ಮಾತಾಡ್ತಾರೆ. ನಿಜವಾ?
(ಮಡಿಕೇರಿ)

ಉತ್ತರ: ದುಡ್ಡು ತಗೊಂಡಿಲ್ಲ. ಒಂದು ಕ್ಯೂ ತಗೊಂಡಿದ್ದೀನಿ, ಚೆಂಡು ಹೊಡೆಯೋ ಕೋಲು.

ಆ ಟೇಬಲ್ ಬಿಚ್ಚೋ ದಿನ ‘ಬನ್ನಿ ಸಾರ್, ಒಂದು ತಮಾಷೆ ತೋರಿಸ್ತೀನಿ’ ಅಂತ ಫೋನ್ ಮಾಡಿದ್ದು ಹೋಂಸ್ಟೇಯೋರಲ್ಲ, ಇನ್ನೊಬ್ಬ ಡೀಲರ್, ಬಟ್ಟೆ ಬದಲಾಯಿಸೋ ಕೆಲಸ ಅವರಿಗೇ ಸಿಕ್ಕಿತ್ತು. ಅದಕ್ಕೂ ಆರು ತಿಂಗಳು ಮುಂಚೆ ಅವರೇ ನನಗೆ ಒಂದು ಆ್ಯಶ್ ಮರದ ಕ್ಯೂ ಪ್ರೀತಿಯಿಂದ ಕೊಟ್ಟಿದ್ರು, ನಾನೂ ನಾಚಿಕೆ ಬಿಟ್ಟು ಇಸ್ಕೊಂಡಿದ್ದೆ. ಸ್ಲೇಟ್ ಒಡೆದಿದ್ದು ನಿಜ, ಕಣ್ಣಾರೆ ನೋಡಿದ್ದು, ಅದರಲ್ಲಿ ಒಂದಕ್ಷರ ಬದಲಾಯಿಸಲ್ಲ. ಆದ್ರೆ ನನ್ನನ್ನ ಅಲ್ಲಿಗೆ ಕರೆದಿದ್ದು ಯಾರು, ಆ ಲೇಖನದಿಂದ ಯಾರ ಅಂಗಡಿಗೆ ಗಿರಾಕಿ ಹೆಚ್ಚಾಗುತ್ತೆ, ಇದನ್ನ ಓದೋರಿಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಮರೆತೆ ಅಂತ ಸುಳ್ಳು ಹೇಳಬಹುದಿತ್ತು, ಮರೆತಿರ್ಲಿಲ್ಲ, ಬರೆಯೋವಾಗ ಆ ಸಾಲು ಹಾಕಿ ಆಮೇಲೆ ಹೊಡೆದುಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ.

ಕ್ಯೂ ಮೊನ್ನೆ ವಾಪಸ್ ಕಳಿಸಿದೆ. ಕೊರಿಯರ್ ಹುಡುಗ ಉದ್ದದ ಕವರ್ ತಿರುಗಿಸಿ ತಿರುಗಿಸಿ ನೋಡಿ, ‘ಮೀನಿಗೆ ಗಾಳ ಹಾಕೋ ಕೋಲಾ ಸಾರ್?’ ಅಂದ. ಹೆಚ್ಚೂಕಮ್ಮಿ ಅದೇ ಕಣಪ್ಪಾ, ಅಂದೆ.