ಕುಶಾಲನಗರದ ಬಾಡಿಗೆ ಮನೆಗೆ ಕಾವೇರಿ ನೀರು ನುಗ್ಗಿದೆ. ಪರಿಹಾರ ನಮಗೆ ಸಿಗುತ್ತದೋ, ಮಾಲೀಕರಿಗೋ?

ಗೋಡೆ, ಚಾವಣಿ ಕುಸಿದದ್ದಕ್ಕೆ ಕೊಡುವ ಹಣ ಮಾಲೀಕರದ್ದು. ಬಟ್ಟೆ, ಪಾತ್ರೆ ಹಾಳಾದದ್ದಕ್ಕೆ ಕೊಡುವುದು ಅಲ್ಲಿ ವಾಸವಿದ್ದ ಕುಟುಂಬದ್ದು, ಅಂದರೆ ನಿಮ್ಮದು. 2022ರ ವಿಪತ್ತು ಪರಿಹಾರ ಮಾನದಂಡದಲ್ಲಿ ಬಟ್ಟೆಗೆ 2,500, ಪಾತ್ರೆ-ಸಾಮಾನಿಗೆ 2,500 ರೂಪಾಯಿ. ರಾಜ್ಯ ಸರ್ಕಾರ ಮೇಲೆ ಸೇರಿಸುವುದುಂಟು. 2019ರಲ್ಲಿ ಒಟ್ಟು 10,000 ಕೊಟ್ಟಿತ್ತು. ಒಂದು ಫ್ರಿಜ್ಜಿಗೂ ಸಾಲದು, ಆದರೂ ಬಿಡಬೇಡಿ.

ಬಾಡಿಗೆದಾರರ ಹೆಸರು ತಪ್ಪಿಹೋಗುವುದು ಮಹಜರಿನಲ್ಲೇ, ಅಂದರೆ ಅಧಿಕಾರಿ ಸ್ಥಳಕ್ಕೆ ಬಂದು ಹಾನಿ ಬರೆದುಕೊಳ್ಳುವಾಗಲೇ. ಮನೆ ಕಂದಾಯ ಮಾಲೀಕರ ಹೆಸರಲ್ಲಿ, ಆಧಾರ್ ವಿಳಾಸ ಎಷ್ಟೋ ಸಲ ಬೇರೆ ಊರಿನದು. ಹಾಗಾಗಿ ಕರಾರು ಪತ್ರ, ಗ್ಯಾಸ್ ಪುಸ್ತಕ, ಬಾಡಿಗೆ ಕಳಿಸಿದ ಬ್ಯಾಂಕ್ ದಾಖಲೆ ಇಟ್ಟುಕೊಂಡು ಗ್ರಾಮ ಆಡಳಿತ ಅಧಿಕಾರಿ ಬಂದಾಗ ಮನೆಯಲ್ಲೇ ಇರಿ. ಕೆಸರು ತೊಳೆಯುವ ಮೊದಲೇ ಗೋಡೆಯ ಮೇಲಿನ ನೀರಿನ ಗುರುತು, ಕೆಟ್ಟ ಸಾಮಾನು ಎರಡರ ಫೋಟೊ ತೆಗೆಯಿರಿ. ನೀರು ಎಷ್ಟು ದಿನ ನಿಂತಿತ್ತು ಎಂಬುದನ್ನೂ ಬರೆಸಿ, ಅದು ಲೆಕ್ಕಕ್ಕೆ ಬರುತ್ತದೆ.

ಪ್ರವಾಹದಿಂದ ಮನೆ ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಕರಾರು ರದ್ದು ಮಾಡುವ ಆಯ್ಕೆ ಬಾಡಿಗೆದಾರರಿಗಿದೆ (ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ). ಬರೀ ಕೆಸರು ತುಂಬಿದ್ದರೆ ಇದು ಅನ್ವಯಿಸದು. ಆಗ ಬಾಡಿಗೆ ಕಡಿತದ ಮಾತುಕತೆಯೇ ದಾರಿ, ಒಪ್ಪಿದ್ದನ್ನು ಬರೆಸಿಕೊಳ್ಳಿ. ಮುಂದಿನ ಮಳೆಗಾಲಕ್ಕೆ ಮೊದಲು ಬರೀ ಸಾಮಾನುಗಳಿಗೆ ವಿಮೆ ಮಾಡಿಸಬಹುದು, ಅದಕ್ಕೆ ಮನೆ ನಿಮ್ಮದಾಗಿರಬೇಕಿಲ್ಲ.