ಅಕ್ರಿಲಿಕ್ ಅಂಟಿಸುವಾಗ ತಲೆ ಸುತ್ತಿದರೆ

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ಶಾಲೆಗೆ ಕನ್ನಂಬಾಡಿ ಕಟ್ಟೆಯ ಮಾಡೆಲ್ ಮಾಡುತ್ತಿದ್ದಾಳೆ. ನೀರಿನ ತೊಟ್ಟಿಗೆ ಅಕ್ರಿಲಿಕ್ ಶೀಟ್, ದಡಕ್ಕೆ ಥರ್ಮಾಕೋಲ್. ಸೂಪರ್ ಗ್ಲೂ ಹಾಕಿದರೆ ಅಂಚೆಲ್ಲ ಬೆಳ್ಳಗಾಯ್ತು. ಅಂಗಡಿಯವರು ನೀರಿನಂಥದ್ದೇನನ್ನೋ ಕುಡಿಯುವ ನೀರಿನ ಬಾಟಲಿಗೆ ಹಾಕಿಕೊಟ್ಟರು. ಚೆನ್ನಾಗಿ ಅಂಟುತ್ತದೆ, ಆದರೆ ರೂಮಿನಲ್ಲಿ ಅರ್ಧ ಗಂಟೆ ಕೂತವಳಿಗೆ ತಲೆ ಸುತ್ತಿತು. ಬದಲಿಗೆ ನೇಲ್ ಪಾಲಿಶ್ ರಿಮೂವರ್ ಆಗುತ್ತದಾ?
- ಒಬ್ಬ ತಂದೆ, ಮಂಡ್ಯ

ಉತ್ತರ: ಮೊದಲು ಆ ಬಾಟಲಿಯನ್ನು ಮನೆಯಿಂದ ಆಚೆ ಇಡಿ ಸರ್. ಬಾಯಾರಿ ಬಂದವರು ನೀರೆಂದು ಎತ್ತಿ ಕುಡಿದರೆ ಏನು ಗತಿ? ಅಂಗಡಿಗೇ ವಾಪಸ್ ಕೊಟ್ಟು, ಹೆಸರು ಬರೆದ ಬಾಟಲಿಯನ್ನೇ ಕೇಳಿ. ಮಗಳಿಗೆ ಇನ್ನೂ ತಲೆ ಸುತ್ತುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಏನು ಬಳಸಿದಳು ಅಂತಲೂ ಹೇಳಿ.

ಅಕ್ರಿಲಿಕ್‌ಗೆ ಹೀಗೆ ಬಳಸುವುದು ಹೆಚ್ಚಾಗಿ ಡೈಕ್ಲೋರೋಮೀಥೇನ್ ಅಥವಾ ಕ್ಲೋರೋಫಾರ್ಮ್. ಇವು ಅಂಟಲ್ಲ. ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತವೆ, ಎರಡು ತುಂಡು ಬೆರೆಯುತ್ತವೆ, ದ್ರವ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಅದಕ್ಕೇ ಅಷ್ಟು ಗಟ್ಟಿ. ಆದರೆ ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಗೇ ಕುದಿಯುವಂಥದ್ದು, ನಮ್ಮ ಏಪ್ರಿಲ್ ಮಧ್ಯಾಹ್ನ ಮುಚ್ಚಳ ತೆಗೆದಿಟ್ಟರೆ ಸಾಕು ರೂಮೆಲ್ಲ ಆವಿ ತುಂಬುತ್ತದೆ, ಒಳಗೆ ಹೋದದ್ದರಲ್ಲಿ ಒಂದು ಪಾಲು ದೇಹದಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕ್ಲೋರೋಫಾರ್ಮ್ ಲಿವರಿಗೆ ಕೆಡುಕು. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ತೆಳು ಗ್ಲೌಸನ್ನೂ ಇವು ಬೇಗ ದಾಟುತ್ತವೆ.

ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ, ಜೊತೆಗೆ ನೀರು, ಎಣ್ಣೆ, ಬಣ್ಣ. ಅಕ್ರಿಲಿಕ್ ಮಬ್ಬಾಗುತ್ತದೆ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅಸಿಟೋನ್ ಆವಿಗೆ ಬೆಂಕಿಯೂ ಥಟ್ಟನೆ ಹತ್ತುತ್ತದೆ, ದೇವರ ದೀಪ ದೂರದಲ್ಲಿದೆ ಅಂತ ಸುಮ್ನಿರಬೇಡಿ.

ಕತ್ತರಿಸುವುದು, ಅಂಚನ್ನು ಮರಳು ಕಾಗದದಲ್ಲಿ ಮಟ್ಟ ಮಾಡುವುದು ಮಗಳು ಮಾಡಲಿ. ದ್ರವ ಮುಟ್ಟುವುದು ನೀವೇ ಆಗಲಿ, ಅದೂ ಬೆಳಗಿನ ತಂಪಿನಲ್ಲಿ, ತಾರಸಿ ಮೇಲೆ, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುವ ಹಾಗೆ ಕೂತು. ಕನ್ನಡಕ ಹಾಕಿಕೊಳ್ಳಿ. ತುಂಡುಗಳನ್ನು ಮೊದಲೇ ಜೋಡಿಸಿ ಟೇಪ್ ಹಚ್ಚಿ, ಆಮೇಲೆ ಸೂಜಿಯ ಸಿರಿಂಜಿನಿಂದ ಸಂದಿಗೆ ಒಂದೆರಡು ಹನಿ ಬಿಡಿ. ಸಂದಿಯೇ ಅದನ್ನು ಎಳೆದುಕೊಳ್ಳುತ್ತದೆ, ಜಾಸ್ತಿ ಸುರಿದರೆ ಕಲೆ ಬೀಳುತ್ತದೆ. ಉಳಿದ ಚೂರಿನ ಮೇಲೆ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಒಂದು ದಿನ ಹಾಗೇ ಬಿಡಿ.

ಥರ್ಮಾಕೋಲ್ ಹತ್ತಿರ ಮಾತ್ರ ಇದನ್ನು ತರಬೇಡಿ, ಒಂದು ಹನಿ ಬಿದ್ದರೂ ಕರಗಿ ಗುಂಡಿಯಾಗುತ್ತದೆ. ತೊಟ್ಟಿ ಪೂರ್ತಿ ಆರಿದ ಮೇಲೆ ದಡವನ್ನು ತಂದು ಫೆವಿಕಾಲ್‌ನಲ್ಲಿ ಕೂರಿಸಿ, ಆ ಕೆಲಸವನ್ನು ಮಗಳು ರೂಮಿನಲ್ಲೇ ಕೂತು ಮಾಡಬಹುದು.